ಮೂರು ತಿಂಗಳಿಗೆ ಬಂದ ಹಲ್ಲು

ಆ ಸೂಲಗಿತ್ತಿಯ ಬಲಗೈ ಹೆಬ್ಬೆರಳು ಉಗುರಿನಿಂದ ಗೆಣ್ಣಿನವರೆಗೂ ಕಪ್ಪು. ನಮ್ಮ ಕಡೆ ಮಶೇರಿ ಎನ್ನುವ ಸುಟ್ಟ ತಂಬಾಕಿನ ಪುಡಿಯನ್ನು ದಿನಕ್ಕೆ ಐದಾರು ಸಲ ಆ ಬೆರಳಿನಿಂದಲೇ ಒಸಡಿಗೆ ತಿಕ್ಕಿಕೊಳ್ಳುವಳು. ತಿಕ್ಕಿದ ಮೇಲೆ ಉಗುಳಬೇಕಲ್ಲ. ಉಗುಳಲು ಅಂಗಳಕ್ಕೆ ಹೋಗುವ ಪದ್ಧತಿ ಆಕೆಗಿರಲಿಲ್ಲ. ಕುಳಿತಲ್ಲಿಂದಲೇ ಬಾಣಂತಿ ಕೋಣೆಯ ಮೂಲೆಗೆ ಪಿಚಕ್ಕನೆ ಉಗುಳಿ, ಸೆರಗಿನ ತುದಿಯಿಂದ ಬಾಯಿ ಒರೆಸಿಕೊಂಡು, ಅದೇ ತುದಿಯಿಂದ ಕೂಸಿನ ಮೂಗನ್ನೂ ಒರೆಸುವಳು. ಈಗ ಬರೆಯುವಾಗಲೂ ನನಗೆ ವಾಕರಿಕೆ ಬರುತ್ತದೆ.

ಗೋಕಾಕದ ನಮ್ಮ ಓಣಿಯಲ್ಲಿ ಹುಟ್ಟಿದವರೆಲ್ಲ ಆ ಕೈಯಲ್ಲೇ ಹುಟ್ಟಿದವರು. ನಾನು, ನನ್ನ ತಮ್ಮ, ಕೊನೆಗೆ ನನ್ನ ಚೊಚ್ಚಲ ಮಗಳು. ಆಕೆಯನ್ನು ಎಲ್ಲರೂ ಆಯಿ ಎನ್ನುತ್ತಿದ್ದರು. ಬಿಳಿಯರ ಕಾಲ, ಊರಲ್ಲಿ ದವಾಖಾನೆ ಇತ್ತು. ಆದರೆ ಹೆರಿಗೆಗೆಂದು ಅಲ್ಲಿಗೆ ಹೋದವಳನ್ನು ಓಣಿಯವರು ಸುಮ್ಮನೆ ಬಿಡುತ್ತಿರಲಿಲ್ಲ. ಬೇನೆ ತಿನ್ನುವವಳೊಂದಿಗೆ ಆಯಿ ಮಾತಾಡುತ್ತಿರಲಿಲ್ಲ, ಆಕೆಯ ಮಾತೆಲ್ಲ ಹೊಟ್ಟೆಯೊಳಗಿನ ಕೂಸಿನೊಂದಿಗೆ. "ಸಾವಕಾಶ ಬಾ. ಹೊರಗ ಅಂಥಾ ಸೊಬಗೇನೂ ಇಲ್ಲ" ಎನ್ನುವಳು. ನಾನೊಮ್ಮೆ ನೋವಿನ ನಡುವೆಯೇ "ಕೈ ತೊಳಕೊಳ್ರಿ ಆಯಿ" ಅಂದಿದ್ದೆ. "ನೀ ಹುಟ್ಟಿದಾಗ ತೊಳಕೊಂಡಿದ್ನೇನ? ಬದಕಿ ಇಲ್ಲಾ?" ಎಂದು ನನ್ನ ಬಾಯಿ ಮುಚ್ಚಿಸಿದಳು.

ಮಗಳಿಗೆ ಮೂರು ತಿಂಗಳು ಇನ್ನೇನು ತುಂಬಬೇಕು. ಹಾಲೂಡಿಸುವಾಗ ಚುಚ್ಚಿದಂತಾಯಿತು. ತುಟಿ ಎತ್ತಿ ನೋಡಿದರೆ ಮೇಲಿನ ಒಸಡಿನಲ್ಲಿ ಅಕ್ಕಿಯ ನುಚ್ಚಿನಷ್ಟು ಬಿಳುಪು. ಹಿಗ್ಗಿ ಅವ್ವನನ್ನು ಕೂಗಿದೆ, ಅದೇ ನನ್ನ ತಪ್ಪು. ಹಲ್ಲು ಬೇಗ ಬಂದರೇ ನಮ್ಮವರಿಗೆ ಅಂಜಿಕೆ. ಅದರಲ್ಲೂ ಮೇಲಿನದು ಮೊದಲು ಬಂದರೆ ಸೋದರಮಾವನ ಜೀವಕ್ಕೆ ಕೇಡು ಎಂಬ ನಂಬಿಕೆ. ಆ ಕೂಸಿಗೆ ಸೋದರಮಾವ ಒಬ್ಬನೇ, ನನ್ನ ತಮ್ಮ. ಅವ್ವನಿಗೂ ಅವನೊಬ್ಬನೇ ಮಗ.

ತಮ್ಮ ಗರಡಿಯ ಪೈಲವಾನ. ಮನೆಯ ಎಮ್ಮೆಯ ಹಾಲೆಲ್ಲ ಅವನ ಹೊಟ್ಟೆಗೇ ಹೋಗುತ್ತಿತ್ತು. ಅಂಥವನು ಅವತ್ತಿನಿಂದ ಒಳಕೋಣೆಯ ಕಡೆ ಸುಳಿಯಲಿಲ್ಲ. ಪಡಸಾಲೆ ದಾಟುವಾಗ ಮುಖಕ್ಕೆ ಟವೆಲ್ ಸುತ್ತಿಕೊಳ್ಳುವನು, ಕೂಸು ಅತ್ತರೆ ಕಿವಿ ಮುಚ್ಚಿಕೊಳ್ಳುವನು. ಅವನ ಸಿಂಬಳ ಒರೆಸಿ, ಸೊಂಟದ ಮೇಲೆ ಹೊತ್ತು ಬೆಳೆಸಿದವಳು ನಾನು. ಅಷ್ಟು ದೊಡ್ಡ ಮೈಯೊಳಗೆ ಅಷ್ಟು ಸಣ್ಣ ಜೀವ ಇಟ್ಟುಕೊಂಡಿದ್ದಾನಲ್ಲ ಎಂದು ನನಗೆ ಹೇಸಿಗೆಯಾಯಿತು. ಅಪ್ಪನೂ ಕಡಿಮೆಯಲ್ಲ. ಎಲೆಗೆ ಸುಣ್ಣ ಹಚ್ಚುತ್ತ, ಏನೂ ಕೇಳಿಸದವರಂತೆ ಕುಳಿತೇ ಇರುತ್ತಿದ್ದರು.

ಮೂರನೆಯ ದಿನ ಬೆಳಿಗ್ಗೆ ಹಲ್ಲು ಕೀಳಿಸಲು ಅವ್ವ ಆಯಿಯನ್ನು ಕರೆಸಿದಳು. ನೂಲಿನ ಎಳೆ, ಬೂದಿ, ಹಳೆಯ ಬಟ್ಟೆ ಎಲ್ಲವನ್ನೂ ಅವ್ವನೇ ತಂದಿಟ್ಟಳು. ಕೂಸು ನನ್ನ ತೊಡೆಯ ಮೇಲಿತ್ತು. ಆಯಿ ಕುಕ್ಕರುಗಾಲಲ್ಲಿ ಕುಳಿತು, ಮೂಲೆಗೆ ಉಗುಳಿ, ಆ ಕರಿ ಹೆಬ್ಬೆರಳನ್ನು ಹಾಗೆಯೇ ಕೂಸಿನ ಬಾಯೊಳಗಿಟ್ಟಳು. ಕೂಸು ಅದನ್ನು ಮೊಲೆಯೆಂದು ತಿಳಿದು ಚೀಪತೊಡಗಿತು. ಆಯಿ ಬಹಳ ಹೊತ್ತು ಬೆರಳು ಹೊರಗೆ ತೆಗೆಯಲಿಲ್ಲ. ಆಮೇಲೆ ತೆಗೆದು, "ಇದನ್ನ ನಾ ಕೀಳೂದಿಲ್ಲ" ಅಂದಳು.

"ನನಗ ಮಗಾ ಒಬ್ಬಾಂವ ಅದಾನ್ರಿ ಆಯಿ" ಎಂದು ಅವ್ವ ಅಳಲು ಸುರುಮಾಡಿದಳು.

"ಇಕಿಗೂ ಮಗಳ ಒಬ್ಬಾಕಿ."

ಪಡಸಾಲೆಯಿಂದ ತಮ್ಮನ ದನಿ ಬಂತು. "ಆಕಿ ಒಲ್ಲೆ ಅಂದ್ರ ಬಿಡ. ಕಮ್ಮಾರನ್ನ ಕರಕೊಂಡ ಬರ್ತೇನಿ. ಅವನ ಕಡೆ ಇಕ್ಕಳ ಇರತಾವು."

ಆಯಿ ಕೂಸನ್ನು ನನ್ನಿಂದ ಎತ್ತಿಕೊಂಡು ನೆಟ್ಟಗೆ ಪಡಸಾಲೆಗೆ ನಡೆದಳು. ನಾನು ಬಾಗಿಲಲ್ಲಿ ನಿಂತೆ. ಪೈಲವಾನ ಟವೆಲ್ ಎಳೆದುಕೊಂಡು ಗೋಡೆಗೆ ಮುಖ ಮಾಡಿದ. ಆಯಿ ಅವನ ಬೆನ್ನಿಗೇ ಹೇಳಿದಳು, ದನಿ ಏರಿಸಲಿಲ್ಲ.

"ಹುಕ್ಕೇರಿ ಕಡೆ ಒಂದ ಹಳ್ಳ್ಯಾಗ ಇಂಥಾದ್ದ ಹಲ್ಲ ಕಿತ್ತೇನಿ ನಾನು. ಮುಂಜಾನಿ ಕಿತ್ತೆ. ರಕ್ತ ನಿಲ್ಲಲಿಲ್ಲ. ಬೂದಿ ಒತ್ತಿದೆ, ಅರಿಷಿಣ ಒತ್ತಿದೆ. ಹೊತ್ತ ಮುಣಗೂದ್ರಾಗ ಕೂಸು ತಣ್ಣಗಾತು. ಅದರ ಸ್ವಾದರಮಾವ ಇನ್ನೂ ಗಟ್ಟಿಮುಟ್ಟ ಅದಾನ. ಸಂತ್ಯಾಗ ಕಂಡ್ರ ಉಪಕಾರ ಆತಂತ ನನಗ ಕೈ ಮುಗಿತಾನ. ಆ ಕೈ ನೋಡಿದ್ರ ಉಂಡದ್ದ ಮ್ಯಾಲ ಬರತೈತಿ. ನೀನೂ ಹಂಗ ಕೈ ಮುಗಿಯಾಂವ ಏನಪಾ?"

ತಮ್ಮ ಕಮ್ಮಾರನ ಮನೆಗೆ ಹೋಗಲಿಲ್ಲ. "ಕೂಸು ನಿನ್ನ ಕಣ್ಣಿಗಿ ಬೀಳಬಾರದು, ಹೌದಿಲ್ಲೊ? ಚಕ್ಕಡಿ ಹೂಡಸ್ರಿ, ಮಸಗುಪ್ಪಿಗಿ ಬಿಟ್ಟ ಬರ್ತೇನಿ" ಅಂದಳು ಆಯಿ. ಮಸಗುಪ್ಪಿ ನನ್ನ ಗಂಡನ ಊರು. ಬಾಣಂತನ ಮುಗಿಯುವ ಮೊದಲೇ ತವರಿನಿಂದ ಹೊರಟವಳ ಜೊತೆಗೆ ಮನೆಯವರು ಯಾರೂ ಬರಲಿಲ್ಲ. ಗಾಡಿಯಲ್ಲಿ ನನ್ನೊಂದಿಗೆ ಕುಳಿತವಳು ಆಯಿ ಒಬ್ಬಳೇ. ದಾರಿಯುದ್ದಕ್ಕೂ ಉಗುಳುತ್ತ ಬಂದಳು. ಎದುರುಗಾಳಿಗೆ ಅದರ ಹನಿ ನನ್ನ ಸೀರೆಗೇ ಸಿಡಿಯುತ್ತಿತ್ತು. ಮಸಗುಪ್ಪಿಯಲ್ಲಿ ಹಲ್ಲಿನ ಗೊಡವೆಯೇ ಬರಲಿಲ್ಲ, ನಮ್ಮತ್ತೆಗೆ ಸೊಸೆಯ ತಮ್ಮನ ಆಯುಷ್ಯದ ಚಿಂತೆ ಅಷ್ಟಿರಲಿಲ್ಲ.

ಅಲ್ಲಿಂದ ಮುಂದೆ ನಮ್ಮ ಮನೆಯವರು ಆಯಿಯನ್ನು ಕರೆಯಲಿಲ್ಲ. ತಮ್ಮನ ಹೆಂಡತಿಯ ಹೆರಿಗೆಗೆ ಬೇರೆಯವಳು ಬಂದಳು. ಒಬ್ಬೊಬ್ಬರಾಗಿ ಓಣಿಯವರೂ ಬಿಟ್ಟರು. ಕೂಸು ಕೊಂದವಳಂತೆ ಎಂದು ಅವಳ ಬಾಯಿಂದ ಬಂದ ಮಾತನ್ನೇ ಅವಳಿಗೆ ತಿರುಗಿಸಿದರು. ಎದುರಿಗೇ ಹೇಳಿದವರಲ್ಲಿ ನನ್ನ ಅವ್ವನೂ ಒಬ್ಬಳು. ತಮ್ಮನಿಗೆ ಒಂದು ನೆಗಡಿಯೂ ಬರಲಿಲ್ಲ. ಈಗ ಆ ಮಾತು ತೆಗೆದರೆ ಹೊಟ್ಟೆ ಕುಣಿಸಿಕೊಂಡು ನಗುತ್ತಾನೆ. ಆ ನಗೆ ನನಗೆ ಸೇರುವುದಿಲ್ಲ.

ಕಡೆಗೆ ಆಯಿ ಧುಪದಾಳದಲ್ಲಿ ತನ್ನ ಮಗಳ ಮನೆ ಸೇರಿದ್ದಳು. ತಂಬಾಕಿನಿಂದ ಬಾಯಿಯೊಳಗೆ ಹುಣ್ಣಾಗಿ ಕೊಳೆಯುತ್ತಿತ್ತು. ಸುದ್ದಿ ಕೇಳಿ ಹೋದೆ. ಕೋಣೆಯ ನಾತಕ್ಕೆ ಬಾಗಿಲಲ್ಲೇ ಮೂಗಿಗೆ ಸೆರಗು ಹಿಡಿದವಳು ಆಮೇಲೆ ನಾಚಿಕೆಯಾಗಿ ಬಿಟ್ಟೆ. ವರ್ಷಗಟ್ಟಲೆ ಯಾರಿಗೂ ಹೇಳದ ಒಂದು ಮಾತು ನನ್ನೊಳಗಿತ್ತು. ತಮ್ಮನನ್ನು ಕಂಡು ಹೇಸಿದೆ, ಆಯಿಯ ಬೆರಳಿಗೆ ಹೇಸಿದೆ. ಆದರೆ ಅವತ್ತು ಅವ್ವ ನೂಲು, ಬೂದಿ ತಂದಿಟ್ಟಾಗ ನಾನು ಬೇಡ ಅನ್ನಲಿಲ್ಲ. ಕೂಸನ್ನು ಅಂಗಾತ ಮಲಗಿಸಿ, ಮಿಸುಕಾಡದಂತೆ ಅದರ ಎರಡೂ ಕೈ ಒತ್ತಿ ಹಿಡಿದವಳು ನಾನೇ.

"ನೀವು ಕೀಳತೇನಿ ಅಂದಿದ್ರ ನಾ ಕೀಳಾಕ ಬಿಡತಿದ್ನಿ ಆಯಿ" ಅಂದೆ.

ಆಕೆಗೆ ಮಾತಾಡುವುದು ಕಷ್ಟವಿತ್ತು. ತಡೆದು ತಡೆದು ಹೇಳಿದಳು. "ಗೊತ್ತೈತಿ. ಹುಕ್ಕೇರಿ ಕೂಸಿನ ತಾಯೀನೂ ಹಂಗ ಹಿಡಕೊಂಡಿದ್ಲು. ನಿನ್ನ ಕೈ ನೋಡೇ ಒಲ್ಲೆ ಅಂದೆ."

ಹದಿನೈದು ದಿನಕ್ಕೆ ಆಯಿ ಹೋದಳು. ನಿನ್ನನ್ನು ಉಳಿಸಿದವಳು ಒಬ್ಬಳಿದ್ದಳು ಎಂದು ಮಗಳಿಗೆ ಹೇಳಬೇಕು. ಹೇಳಿದರೆ, ಯಾರಿಂದ ಉಳಿಸಿದಳು ಎಂದು ಅವಳು ಕೇಳುತ್ತಾಳೆ. ಇನ್ನೂ ಹೇಳಿಲ್ಲ.