ಬಿಟ್ ಹಿಡಿಯುವ ಬಾಯಿ

ಮಾನ್ವಿಯಲ್ಲಿ ಸಿರವಾರ ರಸ್ತೆಗೆ ಹೊಂದಿಕೊಂಡ ತಗಡಿನ ಶೆಡ್ಡಿನಲ್ಲಿ ಸ್ವಪ್ನಾಳ ಸಿಎನ್‌ಸಿ ರೂಟರ್ ಇದೆ. ಕಂಪ್ಯೂಟರಿನಲ್ಲಿ ಬಿಡಿಸಿದ ಚಿತ್ರವನ್ನು ಹಲಗೆಯ ಮೇಲೆ ತಾನೇ ಕೆತ್ತುವ ಯಂತ್ರ ಅದು. ನೋಡಲು ಬಂದವರೆಲ್ಲ ಅದರ ಮೈಕಟ್ಟು ನೋಡಿ ಬಾಯಿ ಬಿಡುತ್ತಾರೆ. ಕೆಲಸ ಮಾಡುವುದು ಮಾತ್ರ ತುದಿಯಲ್ಲಿ ಗರಗರ ತಿರುಗುವ, ಕಿರುಬೆರಳಿಗಿಂತ ಸಣ್ಣ ಬಿಟ್. ಅದೊಂದು ಸರಿಯಿಲ್ಲದಿದ್ದರೆ ಅಷ್ಟು ದೊಡ್ಡ ಯಂತ್ರ ಇದ್ದೂ ದಂಡ.

ಬಿಟ್ ಆರಿಸುವುದನ್ನು ಸ್ವಪ್ನಾ ಕೈ ಸುಟ್ಟುಕೊಂಡೇ ಕಲಿತಳು. ಕೊರೆದ ಚೂರನ್ನು ಮೇಲಕ್ಕೆ ಎತ್ತಿಹಾಕುವ ಬಿಟ್ಟನ್ನು ಪ್ಲೈವುಡ್ಡಿಗೆ ಹಾಕಿದರೆ ಮೇಲಿನ ಪದರ ಕಿತ್ತು ಬಂದು ಅಂಚೆಲ್ಲ ಇಲಿ ಕಡಿದ ಹಾಗಾಗುತ್ತದೆ. ಅದಕ್ಕೆ ಚೂರನ್ನು ಕೆಳಕ್ಕೆ ಒತ್ತುವ ಬಿಟ್ ಬೇಕು. ಹೂವಿನ ಎಸಳಿಗೆ ಮೂತಿ ಉರುಟಾಗಿರುವುದು, ಅಕ್ಷರಕ್ಕೆ ಚೂಪಾದದ್ದು. ಮೊದಮೊದಲು ಆನ್‌ಲೈನಿನಲ್ಲಿ ಫೋಟೊ ನೋಡಿ ಮರುಳಾಗಿ ಒಂದು ಡಬ್ಬಿ ತರಿಸಿದ್ದಳು. ಹಲಗೆ ಅರ್ಧ ಮುಗಿಯುವುದರೊಳಗೆ ಮೊಂಡಾಗಿ ಶೆಡ್ಡೆಲ್ಲ ಸುಟ್ಟ ವಾಸನೆ. ಅವತ್ತಿನಿಂದ ಅವಳು ರಾಯಚೂರಿನ ಮುಕರ್ರಂ ಭಾಯಿಯ ಅಂಗಡಿಯಲ್ಲೇ ಕೊಳ್ಳುತ್ತಿದ್ದಳು.

ಮುಕರ್ರಂ ಹೈದರಾಬಾದಿನಿಂದ ಮಾಲು ತರಿಸುವ ಮನುಷ್ಯ. ಬಿಟ್ ಕೇಳಿದವರಿಗೆ ಮೊದಲು ಕಟ್ಟಿಗೆ ಯಾವುದು ಎಂದು ಕೇಳುತ್ತಾನೆ. ಹೇಳದಿದ್ದರೆ ಮಾಲು ಕೊಡುವುದಿಲ್ಲ, ಅಂಥ ಮೊಂಡ. ಸ್ವಪ್ನಾ ಮೊದಲ ಸಲ ಹೋದಾಗ ಅವಳ ಅಂಗೈ ಮೇಲೆ ಒಂದೇ ಅಳತೆಯ ಎರಡು ಬಿಟ್ ಇಟ್ಟಿದ್ದ.

"ತೂಗಿ ನೋಡು ತಂಗಿ. ಕಾರ್ಬೈಡ್ ಇದ್ರ ಕೈ ಕೆಳಗ ಜಗ್ತದ. ಹಗುರ ಬಂದದ್ದು ಬರೇ ಉಕ್ಕು, ಎಷ್ಟ ಥಳಥಳ ಹೊಳೀಲಿ, ತಗೋಬ್ಯಾಡ. ಮತ್ತ ಸಂಜಿಗೆ ಬಿಟ್ ಬಿಚ್ಚಿ ಡಬ್ಬಿನ್ಯಾಗ ಇಡು. ಮಿಷಿನ್ನಿಗೇ ಬಿಟ್ರ ಬಾಳಿಕಿ ಬರಂಗಿಲ್ಲ."

ಸ್ವಪ್ನಾಳ ಗಂಡ ಕೊಟ್ರೇಶ ರಾಯಚೂರು–ಮಾನ್ವಿ ಬಸ್ಸಿನ ಡ್ರೈವರ್. ಮುಕರ್ರಂ ಪೊಟ್ಟಣ ಕಟ್ಟಿ ಬಸ್‌ಸ್ಟ್ಯಾಂಡಿಗೆ ಕಳಿಸಿದರೆ ಅದು ಕೊಟ್ರೇಶನ ಸೀಟಿನ ಪಕ್ಕದಲ್ಲಿ ಕುಳಿತು ಮಾನ್ವಿ ಸೇರುತ್ತಿತ್ತು.

ಇನ್ನು ಕೊಟ್ರೇಶನ ಅಪ್ಪ ಶರಣಯ್ಯ. ಇಡೀ ಆಯುಷ್ಯವನ್ನು ಅಕ್ಕಿ ಮಿಲ್ಲಿನಲ್ಲಿ ಯಂತ್ರಗಳ ನಡುವೆ ಕಳೆದವರು. ಬೆಲ್ಟು ಹರಿಯಲಿ, ಬೇರಿಂಗು ಕೂಗಲಿ, ಶರಣಯ್ಯನವರೇ ಬರಬೇಕು. ಮಾಲೀಕರು ಹಳೆಯ ಯಂತ್ರಗಳನ್ನೆಲ್ಲ ಕಿತ್ತು ಹೊಸವನ್ನು ಕೂರಿಸಿದ ವರ್ಷ ಅವರನ್ನೂ ಶಾಲು ಹೊದಿಸಿ ಮನೆಗೆ ಕಳಿಸಿದರು. ಮನೆಯಲ್ಲಿ ಅವರು ಬಡಕಲಾಗುತ್ತ ಹೋದರು. ತಟ್ಟೆ ಮುಂದೆ ಕುಳಿತರೆ ರೊಟ್ಟಿ ಹಾಗೇ ಒಣಗುತ್ತಿತ್ತು. ಡಾಕ್ಟರು ಎಲ್ಲ ಪರೀಕ್ಷೆ ಮಾಡಿ, ರೋಗ ಏನೂ ಇಲ್ಲ ಎಂದುಬಿಟ್ಟರು.

ಶೆಡ್ಡಿಗೆ ಯಂತ್ರ ಬಂದ ದಿನ ಅವರು ಎದ್ದು ಬಂದರು. ಮರುದಿನ ಬೆಳಿಗ್ಗೆ ಸ್ವಪ್ನಾ ಬರುವುದರೊಳಗೆ ಕಸ ಹೊಡೆದು, ಯಂತ್ರಕ್ಕೆ ವಿಭೂತಿ ಹಚ್ಚಿ, ಊದುಬತ್ತಿ ಬೆಳಗಿ, ಮೂಲೆಯಲ್ಲಿ ಕೈಕಟ್ಟಿ ನಿಂತಿದ್ದರು. ಅಂದು ಮಧ್ಯಾಹ್ನ ಎರಡು ರೊಟ್ಟಿ ತಿಂದು ಮೂರನೆಯದನ್ನು ಕೇಳಿ ಹಾಕಿಸಿಕೊಂಡರು. ಬೆಳಗಿನ ಆ ಪೂಜೆ ಮಾವನನ್ನು ಉಳಿಸಿದೆ ಎಂದು ಸ್ವಪ್ನಾಳಿಗೆ ಗೊತ್ತಿತ್ತು. ಆದ್ದರಿಂದ ಪೂಜೆಯ ಬಗ್ಗೆ ಅವಳು ಒಂದು ದಿನವೂ ತುಟಿ ಪಿಟಕ್ಕೆನ್ನಲಿಲ್ಲ.

ಹೀಗಿರುವಾಗ ಬಿಟ್‌ಗಳು ಮುರಿಯತೊಡಗಿದವು. ಮೊದಲು ಬೇವಿನ ಹಲಗೆಯಲ್ಲಿ ಒಂದು ಟಪ್ಪೆಂದಿತು. ಗಂಟು ಸಿಕ್ಕಿರಬೇಕು ಅಂದುಕೊಂಡಳು. ಆಮೇಲೆ ಮೆತ್ತನೆಯ ಹಲಗೆಯಲ್ಲೂ ಮುರಿಯಿತು. ವೇಗ ಇಳಿಸಿದಳು, ಆಳ ಕಡಿಮೆ ಮಾಡಿದಳು, ಹೆಚ್ಚಿನ ಬೆಲೆಯದನ್ನು ತರಿಸಿದಳು. ಊಹೂಂ. ಕಲ್ಮಲ ಊರಿನ ಗಿರಾಕಿಯೊಬ್ಬರ ದೇವರ ಮನೆಯ ಬಾಗಿಲು, ಒಳ್ಳೆಯ ಸಾಗವಾನಿ, ಕಮಲದ ಕೊನೆಯ ಎಸಳು ತಿದ್ದುವಾಗ ಬಿಟ್ ಮುರಿದು ಹಲಗೆಗೆ ಗೀರಿಕೊಂಡು ಹೋಯಿತು. ಸ್ವಪ್ನಾಳಿಗೆ ನೆತ್ತಿಗೇರಿತು. ಅಲ್ಲಿಯೇ ನಿಂತು ಮುಕರ್ರಂಗೆ ಫೋನ್ ಹಚ್ಚಿದಳು.

"ಏನ್ ಭಾಯಿ, ಡೂಪ್ಲಿಕೇಟ್ ಮಾಲು ಕಳಸಾಕತ್ತೀರೇನು? ನನ್ನ ಹಲಗಿ ಹಾಳಾತು! ನಂಬಿದ್ದಕ್ಕ ಚಲೋ ಮಾಡಿದ್ರಿ ಬಿಡ್ರಿ!"

ಆತ ಏನೋ ಹೇಳುವಷ್ಟರಲ್ಲಿ ಕಟ್ ಮಾಡಿದಳು. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಸಿಟ್ಟಿನ ಕೈಗೆ ಫೋನ್ ಸಿಕ್ಕರೆ ಕೇಳಬೇಕೆ? ಸುತ್ತಲಿನ ಕಟ್ಟಿಗೆ ಕೆಲಸದವರೆಲ್ಲ ಇರುವ ವಾಟ್ಸಾಪ್ ಗುಂಪಿನಲ್ಲಿ, ಮುಕರ್ರಂನ ಹತ್ತಿರ ಯಾರೂ ಬಿಟ್ ಕೊಳ್ಳಬೇಡಿ, ಖೊಟ್ಟಿ ಮಾಲು ಎಂದು ಹಾಕಿಬಿಟ್ಟಳು. ದೇವದುರ್ಗದಲ್ಲಿ ದೊಡ್ಡ ಕಟ್ಟಿಗೆ ಕಾರ್ಖಾನೆ ಇಟ್ಟ ತಿರುಪತಿ ಎಂಬವನು ಸಂಜೆಯೊಳಗೆ ಮುಕರ್ರಂಗೆ ಕೊಟ್ಟಿದ್ದ ಆರ್ಡರ್ ವಾಪಸ್ ತೆಗೆದುಕೊಂಡ.

ಮರುದಿನ ಮಧ್ಯಾಹ್ನ ಕೊಟ್ರೇಶನ ಬಸ್ಸಿನಿಂದ ಪೊಟ್ಟಣದ ಬದಲು ಮುಕರ್ರಂನೇ ಇಳಿದ. ಕಂಕುಳಲ್ಲಿ ಒಂದು ಡಬ್ಬಿ. ನೇರ ಶೆಡ್ಡಿಗೆ ಬಂದವನು ಕೂರಲಿಲ್ಲ, ನೀರು ಕೊಟ್ಟರೆ ಕುಡಿಯಲಿಲ್ಲ.

"ತಂಗಿ, ಬೈದಿ, ಬೈಸ್ಕೊಂಡೆ. ಆದ್ರ ಗುಂಪಿನ್ಯಾಗ ಎಲ್ಲಾರ ಮುಂದ ಖೊಟ್ಟಿ ಅಂದಿ ನೋಡು, ರಾತ್ರಿ ನಿದ್ದಿ ಬರಲಿಲ್ಲ ನನಗ. ನಮ್ಮ ಅಬ್ಬಾ ಇಟ್ಟ ಅಂಗಡಿ ಅದು. ನನ್ನ ಮಾಲಿನ್ಯಾಗ ತಪ್ಪು ಇದ್ರ ನಾನೇ ಅಂಗಡಿ ಕದಾ ಹಾಕ್ತೀನಿ. ಮಿಷಿನ್ ನೋಡಾಕ ಬಿಡು."

ಸ್ವಪ್ನಾ ಬಿಗುಮಾನದಿಂದಲೇ ದಾರಿ ಬಿಟ್ಟಳು. ಶರಣಯ್ಯನವರು ಎಂದಿನಂತೆ ಮೂಲೆಯಲ್ಲಿ ನಿಂತಿದ್ದರು. ಮುಕರ್ರಂ ಡಬ್ಬಿಯಿಂದ ಗಡಿಯಾರದಂಥ ಮುಖವಿದ್ದ ಡಯಲ್ ಗೇಜ್ ತೆಗೆದು, ಹೊಸ ಬಿಟ್ ಹಾಕಿ, ಗೇಜಿನ ಮೊನೆಯನ್ನು ಬಿಟ್ಟಿನ ಬುಡಕ್ಕೆ ತಾಗಿಸಿದ. ಯಂತ್ರ ಬಂದ್ ಇಟ್ಟುಕೊಂಡೇ ಕೈಯಿಂದ ಮೆಲ್ಲಗೆ ತಿರುಗಿಸಿದ. ಅಲುಗದೆ ನಿಲ್ಲಬೇಕಾದ ಮುಳ್ಳು ಆಚೆ ಈಚೆ ತೂಗಾಡಿತು.

"ನೋಡಿದಿ? ಬಿಟ್ ನೆಟ್ಟಗ ಕುಂತಿಲ್ಲ. ಸೊಟ್ಟ ತಿರಗಾಕತ್ತದ. ಹಿಂಗ ತಿರಗಿದ್ರ ವಜ್ರದ ಬಿಟ್ ಹಾಕಿದ್ರೂ ಮುರೀತದ."

ಆಮೇಲೆ ಅವನು ನಟ್ ಬಿಚ್ಚಿ ಕಾಲೆಟ್ ಹೊರಗೆ ತೆಗೆದ. ಬಿಟ್ಟಿನ ಬುಡವನ್ನು ಸುತ್ತಲೂ ಅವುಚಿ ಹಿಡಿಯುವ, ಸೀಳು ಸೀಳಾದ ಉಕ್ಕಿನ ಪುಟ್ಟ ಬಾಯಿ ಅದು. ಬಿಳಿ ಬಟ್ಟೆಯನ್ನು ಕಡ್ಡಿಗೆ ಸುತ್ತಿ ಅದರೊಳಗೆ ತಿರುವಿದ. ಬಟ್ಟೆ ಬೂದಿ ಬಣ್ಣದ ಹುಡಿ ಹೊತ್ತು ಬಂತು. ಬೆರಳಲ್ಲಿ ಉಜ್ಜಿ ಮೂಗಿಗೆ ಹಿಡಿದ. ನಂತರ ತಲೆ ಎತ್ತಿದವನ ಕಣ್ಣು ಮೂಲೆಯಲ್ಲಿದ್ದ ಶರಣಯ್ಯನವರ ಹಣೆಯ ಮೂರು ಪಟ್ಟೆಗಳ ಮೇಲೆ ನಿಂತಿತು.

ಸ್ವಪ್ನಾಳಿಗೆ ಒಂದೇ ಕ್ಷಣದಲ್ಲಿ ಎಲ್ಲ ಅರ್ಥವಾಯಿತು. ಮುಕರ್ರಂನ ಮಾತು ಕೇಳಿ ಅವಳು ಸಂಜೆ ಸಂಜೆ ಬಿಟ್ ಬಿಚ್ಚಿಡುತ್ತಿದ್ದಳು. ಬೆಳಿಗ್ಗೆ ಮಾವ ನೀರಲ್ಲಿ ಕಲಸಿದ ವಿಭೂತಿಯನ್ನು ತೆರೆದ ಆ ಬಾಯಿಗೇ ಹಚ್ಚುತ್ತಿದ್ದರು. ಒಳಗೆ ಇಳಿದದ್ದು ಅಲ್ಲೇ ಒಣಗುತ್ತಿತ್ತು. ದಿನಕ್ಕಿಷ್ಟು, ದಿನಕ್ಕಿಷ್ಟು ಗಟ್ಟಿಯಾಗಿ ಕೂತು ಬಿಟ್ಟನ್ನು ಸೊಟ್ಟ ಮಾಡಿತ್ತು. ಇದನ್ನು ಈಗ ಬಾಯಿ ಬಿಟ್ಟು ಹೇಳಿದರೆ ಮಾವ ನಾಳೆಯಿಂದ ಶೆಡ್ಡಿಗೆ ಕಾಲಿಡುವುದಿಲ್ಲ. ಮತ್ತೆ ಆ ತಟ್ಟೆ, ಆ ಒಣಗಿದ ರೊಟ್ಟಿ. ಹೇಳದಿದ್ದರೆ ಎದುರಿಗೆ ನಿಂತಿರುವ ಮನುಷ್ಯ ಊರ ಮುಂದೆ ಕಳ್ಳನಾಗಿಯೇ ಉಳಿಯುತ್ತಾನೆ.

ಮುಕರ್ರಂ ಬಟ್ಟೆಯನ್ನು ಮಡಚಿ ಜೇಬಿಗೆ ಹಾಕಿಕೊಂಡ.

"ತಪ್ಪು ನಂದೇ ತಂಗಿ," ಎಂದ, ಕಾಲೆಟ್ಟಿನ ಮೇಲಿಂದ ಕಣ್ಣು ತೆಗೆಯದೆ. "ಈ ಸಲದ ಮಾಲೇ ಖರಾಬ್ ಬಂದದ. ಬದಲಿ ಕೊಡ್ತೀನಿ. ಮಿಷಿನ್ ಬರೋಬರಿ ಅದ."

ಸುಳ್ಳು! ಎರಡು ನಿಮಿಷದ ಹಿಂದೆ ಅಂಗಡಿಯ ಹೆಸರಿಗಾಗಿ ಉರಿಯುತ್ತಿದ್ದವನು, ಗುರುತು ಪರಿಚಯವಿಲ್ಲದ ಮುದುಕನೊಬ್ಬನ ಮುಖ ನೋಡಿ ಆ ಹೆಸರನ್ನೇ ಕೈಬಿಟ್ಟಿದ್ದ. ಸ್ವಪ್ನಾ ಸತ್ಯ ಹೇಳಬೇಕಿತ್ತು. ಹೇಳಲಿಲ್ಲ. ಸದ್ಯ, ಪಾರಾದೆವು ಎನ್ನಿಸಿತು ಅವಳಿಗೆ. ಹಾಗೆ ಅನ್ನಿಸಿದ್ದಕ್ಕೆ ತನ್ನ ಮೇಲೆ ತನಗೇ ಹೇಸಿಗೆ ಬಂತು.

"ಸಾಬ್ರ," ಎಂದರು ಶರಣಯ್ಯ ಮೂಲೆಯಿಂದ. "ಜೇಬಿನ್ಯಾಗಿನ ಅರಿವಿ ತಗೀರಿ."

"ಏನಿಲ್ಲ ಬಿಡ್ರಿ ಅಜ್ಜಾರ. ಬರೇ ಧೂಳು."

"ತಗೀರಂದೆ."

ಮುಕರ್ರಂ ತೆಗೆದು ಕೊಟ್ಟ. ಶರಣಯ್ಯನವರು ಅದನ್ನು ಬೆಳಕಿಗೆ ಹಿಡಿದು ನೋಡಿದರು.

"ಮಿಲ್ಲಿನ್ಯಾಗೂ ದಿನಾ ಮುಂಜಾನಿ ವಿಭೂತಿ ಹಚ್ಚೇ ಮಿಷಿನ್ ಚಾಲೂ ಮಾಡಾಂವ ನಾ. ಒಂದ ದಿನಾನೂ ಬೇರಿಂಗ್ ಹತ್ರ ಆ ಕೈ ಒಯ್ದಿಲ್ಲ. ಎಲ್ಲಿ ಹಚ್ಚಬೇಕು, ಎಲ್ಲಿ ಹಚ್ಚಬಾರದು ಅಂಬೋದು ನನಗ ಗೊತ್ತಿತ್ತಲ್ಲಿ." ಸೊಸೆಯ ಕಡೆ ತಿರುಗಿದರು. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅವಳಿಗೆ ಹೆಚ್ಚು ಚುಚ್ಚಿತು. "ಇಲ್ಲಿ ನನಗ ಯಾರು ಹೇಳ್ಯಾರ ಯವ್ವಾ? ಎರಡ ವರ್ಸಾತು ಈ ಮೂಲ್ಯಾಗ ನಿಂದ್ರಾಕತ್ತು. ಪೂಜಿ ಮಾಡಾಕ ಬಿಟ್ಟಿ. ಇದು ಹ್ಯಾಂಗ ನಡೀತದ ಅಂತ ಒಂದ ಮಾತು ತೋರಸಲಿಲ್ಲ."

ಹೌದು, ತೋರಿಸಿರಲಿಲ್ಲ. ಚಕ್ಕೆ ಸಿಡಿಯುತ್ತವೆ, ದೂರ ನಿಲ್ಲಿರಿ ಮಾವಾರ ಎಂದಿದ್ದಳು. ಚಹಾ ಕೊಟ್ಟಿದ್ದಳು, ಕುರ್ಚಿ ಹಾಕಿಕೊಟ್ಟಿದ್ದಳು. ಬಿಟ್ ಎಂದರೇನು ಎಂದು ಯಾರ್ಯಾರಿಗೋ ವಿವರಿಸಿದವಳು, ಯಂತ್ರದ ಜೊತೆಗೇ ಬದುಕಿದ ಈ ಮನುಷ್ಯನಿಗೆ ಒಂದು ಬಿಟ್ಟನ್ನು ಕೈಗೆ ಕೊಟ್ಟಿರಲಿಲ್ಲ. ಮಾವನ ಪ್ರಾಣ ಹಿಡಿದಿರುವುದು ಪೂಜೆ ಎಂದು ನಂಬಿಕೊಂಡಿದ್ದಳು. ಅವರು ಬರುತ್ತಿದ್ದದ್ದು ಯಂತ್ರಕ್ಕಾಗಿ.

"ಆ ಗುಂಪಿನ್ಯಾಗ ಹಾಕು," ಎಂದರು ಶರಣಯ್ಯ. "ನನ್ನ ಹೆಸರು ಹೇಳಿ ಹಾಕು."

"ಬ್ಯಾಡ್ರಿ ಅಜ್ಜಾರ!" ಮುಕರ್ರಂ ಅಡ್ಡ ಬಂದ. "ನನ್ನ ವ್ಯಾಪಾರ ಹ್ಯಾಂಗೋ ನಡೀತದ."

"ನೀವು ಸುಮ್ಕಿರ್ರಿ. ತಪ್ಪು ನಂದು, ಅದನ್ನ ನೀವ್ಯಾಕ ಒಯ್ತೀರಿ?"

ಸ್ವಪ್ನಾ ಫೋನ್ ತೆಗೆದು ದನಿ ಮುದ್ರಿಸುವ ಗುಂಡಿ ಒತ್ತಿದಳು. ಮೊದಲು ತಾನೇ ಮಾತಾಡಿದಳು: "ಮುಕರ್ರಂ ಭಾಯಿ ಮಾಲು ಚಲೋ ಅದ. ನೋಡದ ಬೈದವಳು ನಾನು. ತಪ್ಪಾತು." ಆಮೇಲೆ ಶರಣಯ್ಯನವರು ಫೋನಿಗೆ ಬಾಯಿ ಹತ್ತಿರ ತಂದು, ದೂರದವರನ್ನು ಕೂಗುವ ಹಾಗೆ ಗಟ್ಟಿಯಾಗಿ ಹೇಳಿದರು: "ನಾ ಮಾನ್ವಿ ಶರಣಯ್ಯ. ಬಿಟ್ ಮುರದದ್ದು ನನ್ನ ವಿಭೂತಿ ಒಳಗ ಹೋಗಿ. ನಿಮ್ಮ ಮಿಷಿನ್ನಿಗೆ ಪೂಜಿ ಮಾಡವ್ರಿಗೆ ಎಲ್ಲಿ ಹಚ್ಚಬಾರದು ಅಂಬೋದು ಹೇಳಿಕೊಡ್ರಿ."

ಶರಣಯ್ಯನವರು ಧೋತರಕ್ಕೆ ಕೈ ಒರೆಸಿಕೊಂಡು ಮುಂದೆ ಬಂದು, ಮುಕರ್ರಂನ ಕೈಯಿಂದ ಆ ಕಾಲೆಟ್ ತೆಗೆದುಕೊಂಡರು. ಸೀಳುಗಳ ಮೇಲೆ ಉಗುರು ಆಡಿಸಿ, ಕಣ್ಣಿಗೆ ಹಿಡಿದು ಆ ಕಡೆಯ ಬೆಳಕು ನೋಡಿದರು.

"ಹೇಳು ಈಗ," ಎಂದರು ಸೊಸೆಗೆ. "ಇದು ಬಿಟ್ಟನ್ನ ಹ್ಯಾಂಗ ಹಿಡೀತದ?"

ಸ್ವಪ್ನಾ ತಾನು ಕೂರುವ ಸ್ಟೂಲನ್ನು ಎಳೆದು ಯಂತ್ರದ ಮುಂದೆ ಹಾಕಿದಳು.

"ಇಲ್ಲಿ ಕುಂದ್ರಿ ಮಾವಾರ," ಎಂದಳು. "ಕೈಯಾಗ ಹಿಡ್ಕೊಂಡೇ ಇರ್ರಿ. ಮೊದಲಿಂದ ಹೇಳ್ತೀನಿ."