ದೀಪ ಹಚ್ಚಿದ ಮೇಲೆ ಅರಿಶಿನ ಕೇಳಿದ ಇನ್‌ಸ್ಪೆಕ್ಟರು

ಪ್ರಜೆಗಳ ಹೊಟ್ಟೆಗೆ ಏನು ಹೋಗುತ್ತಿದೆ ಎಂಬ ಚಿಂತೆ ಸರ್ಕಾರಕ್ಕೆ ಸದಾ ಇರಬೇಕು. ಇಲ್ಲದಿದ್ದರೆ ಅದನ್ನು ಸರ್ಕಾರ ಎಂದು ಕರೆಯುವಂತಿಲ್ಲ. ನಮ್ಮ ಬೀದಿಗೆ ಈ ಚಿಂತೆ ಬಂದು ತಲುಪಿದ್ದು 2005ರ ಒಂದು ಶುಕ್ರವಾರ ಸಂಜೆ, ಪಂಕ್ಚರ್ ಆದ ಸ್ಕೂಟರನ್ನು ತಳ್ಳಿಕೊಂಡು.

ಗುಂಡ್ಲುಪೇಟೆಯ ಅಂಚೆ ಕಚೇರಿಯಿಂದ ನಾನು ನಿವೃತ್ತನಾಗಿ ಆಗ ಎರಡು ವರ್ಷ. ಜಗುಲಿಯ ಮೇಲೆ ಕೂತು ಹೋಗಿಬರುವವರನ್ನು ನೋಡುವುದೇ ಉದ್ಯೋಗ. ಸ್ಕೂಟರ್ ತಳ್ಳಿಕೊಂಡು ಬಂದ ತರುಣರೊಬ್ಬರು ಬೆವರು ಒರೆಸಿಕೊಳ್ಳುತ್ತ, "ಇಲ್ಲಿ ಅರಿಶಿನದ ಪುಡಿ ಮಾಡೋ ಮಾದೇವಮ್ಮ ಅಂತ..." ಎಂದರು. ವಿಳಾಸ ಕೇಳಿದವರಿಗೆ ಗೊತ್ತಿಲ್ಲ ಎಂದು ಹೇಳಿ ನನಗೆ ಅಭ್ಯಾಸವಿಲ್ಲ. ಎಡಕ್ಕೆ ಮೂರನೆಯ ಮನೆ, ಮುಂದೆ ನುಗ್ಗೆಮರ, ನೀಲಿ ಬಾಗಿಲು ಎಂದು ವಿವರವಾಗಿ ಹೇಳಿ, ಸಾಲದೆಂದು ಜೊತೆಗೂ ಹೋದೆ. ಅವರು ಚಾಮರಾಜನಗರದಿಂದ ಬಂದ ಫುಡ್ ಇನ್‌ಸ್ಪೆಕ್ಟರ್ ಎಂದು ತಿಳಿದದ್ದು ನುಗ್ಗೆಮರದ ಕೆಳಗೆ. ಅಷ್ಟರಲ್ಲಿ ನನ್ನ ಪರೋಪಕಾರ ಪೂರ್ಣವಾಗಿತ್ತು.

ಮಾದೇವಮ್ಮ ನನ್ನ ತಂಗಿಯ ವಾರಿಗೆಯವಳು. ಗಂಡ ಬೆಳೆದ ಅರಿಶಿನವನ್ನು ತಾನೇ ನಿಂತು ಬೇಯಿಸಿ, ಒಣಗಿಸಿ, ಮಿಲ್ಲಿನವನ ಕೈಲಿ ಯಂತ್ರವನ್ನು ಎರಡು ಸಲ ಶುಚಿ ಮಾಡಿಸಿ, ಮೆಣಸಿನಕಾಯಿಯ ಘಾಟು ಹೋಯಿತೆಂದು ಮೂಗಿನಿಂದ ಖಾತ್ರಿ ಮಾಡಿಕೊಂಡ ಮೇಲೆಯೇ ಪುಡಿ ಮಾಡಿಸುತ್ತಿದ್ದಳು. ಪ್ಲಾಸ್ಟಿಕ್ ಕವರಿಗೆ ತುಂಬಿ, ಬಾಯಿಯನ್ನು ಮೋಂಬತ್ತಿಯ ಉರಿಗೆ ಹಿಡಿದು ಅಂಟಿಸಿದರೆ ಮುಗಿಯಿತು. ಅವೆಲ್ಲ ಚಾಮರಾಜನಗರದ ಜಬ್ಬಾರ್ ಸಾಹೇಬರ ದಿನಸಿ ಅಂಗಡಿಗೆ ಹೋಗುತ್ತಿದ್ದವು. ಆ ಮನೆಗೆ ವರ್ಷವಿಡೀ ನಂಬಬಹುದಾದ ವರಮಾನ ಅದೊಂದೇ. ಅವಳ ಕೈಗಳು ಮಣಿಕಟ್ಟಿನವರೆಗೆ ಸದಾ ಹಳದಿ. ಮದುವೆಮನೆಯಿಂದ ಈಗತಾನೇ ಎದ್ದು ಬಂದವಳ ಹಾಗೆ.

ಇನ್‌ಸ್ಪೆಕ್ಟರು ಚೀಲದಿಂದ ಅವಳದೇ ಒಂದು ಕವರು ತೆಗೆದರು. ಜಬ್ಬಾರ್ ಸಾಹೇಬರ ಅಂಗಡಿಯಲ್ಲಿ ಸಿಕ್ಕಿದ್ದು.

"ಇದರ ಮೇಲೆ ಹೆಸರಿಲ್ಲ, ವಿಳಾಸ ಇಲ್ಲ, ತೂಕ ಇಲ್ಲ, ತಾರೀಖಿಲ್ಲ. ಒಳಗಡೆ ಏನಿದೆ ಅಂತ ಹೆಂಗಮ್ಮ ಗೊತ್ತಾಗೋದು?"

"ಅರಿಸ್ಣ ಅಂತ ಕಾಣದಿಲ್ವಾ ಸಾಮಿ?"

"ಇಷ್ಟು ಹಳದಿ ಹೆಂಗೆ ಬಂತು? ಬಣ್ಣ ಏನಾದ್ರೂ ಹಾಕ್ತೀರಾ?"

"ಅರಿಸ್ಣ ಅಳ್ದಿ ಇಲ್ದೆ ಅಸ್ರು ಇದ್ದದಾ?"

ಇನ್‌ಸ್ಪೆಕ್ಟರು ಮೂಲೆಯಲ್ಲಿದ್ದ ದೊಡ್ಡ ತಗಡಿನ ಡಬ್ಬದ ಕಡೆ ಕೈ ತೋರಿಸಿ, ಪರೀಕ್ಷೆಗೆ ಅದರಿಂದ ಮಾದರಿ ಬೇಕು, ಬೆಲೆ ಕೊಟ್ಟೇ ತೆಗೆದುಕೊಳ್ಳುತ್ತೇನೆ ಎಂದರು.

"ದೀಪ ಅಚ್ಬುಟ್ಟಿವ್ನಿ ಸಾಮಿ. ಇವತ್ತು ಆಗದಿಲ್ಲ," ಎಂದಳು ಮಾದೇವಮ್ಮ.

ದೀಪ ಹಚ್ಚಿದ ಮೇಲೆ ಉಪ್ಪು, ಮೊಸರು, ಅರಿಶಿನ ಇವನ್ನು ನಮ್ಮ ಕಡೆ ಮನೆಯಿಂದ ಹೊರಗೆ ಕೊಡುವುದಿಲ್ಲ. ಶುಕ್ರವಾರವಂತೂ ಕೇಳುವುದೇ ಬೇಡ. ಇನ್‌ಸ್ಪೆಕ್ಟರ ತಾಯಿಯೂ ಕೊಡುತ್ತಿರಲಿಲ್ಲವೆಂದು ಕಾಣುತ್ತದೆ. ತೋರಿಸಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. ಆಮೇಲೆ ಅವರ ಮೈಮೇಲೆ ಸರ್ಕಾರ ಬಂತು.

"ನೋಡಿಯಮ್ಮ, ಇದು ಸೆಂಟ್ರಲ್ ಗೌರ್ಮೆಂಟ್ ಕಾಯಿದೆ. ಮಾದರಿ ಕೊಡಲ್ಲ ಅಂದ್ರೆ ಅದೇ ಒಂದು ಅಪರಾಧ. ಕೇಸಾಗುತ್ತೆ."

"ಕೊಡಲ್ಲ ಅಂದ್ನಾ? ವತ್ತಾರೆ ಬನ್ನಿ, ಎಲೆಅಡ್ಕೆ ಮಡ್ಗಿ ಕೊಡ್ತಿನಿ. ಈಗ ಕೊಟ್ರೆ ಅಟ್ಟಿ ಲಕ್ಸ್ಮಿ ಒಂಟೊಯ್ತಾಳ."

"ಸಂಜೆ ಹೊತ್ತು ಮನೆಗೆ ಬಂದೋರಿಗೆ ಅರಿಶಿನ ಕುಂಕುಮ ಕೊಡಲ್ವಾ?"

"ಅಣೆಗೆ ಇಕ್ಕದು ಬ್ಯಾರೆ, ತಕ್ಕಡಿಗೆ ಇಕ್ಕದು ಬ್ಯಾರೆ."

ಇನ್‌ಸ್ಪೆಕ್ಟರು ಕಾಯಿದೆ ಬಿಟ್ಟು ಅನುಮಾನಕ್ಕೆ ಇಳಿದರು. "ಬೆಳಗ್ಗೆವರೆಗೂ ಡಬ್ಬದಲ್ಲಿ ಇದೇ ಪುಡಿ ಇರುತ್ತೆ ಅಂತ ಏನು ಗ್ಯಾರಂಟಿ?" ಎಂದುಬಿಟ್ಟರು.

ಅಲ್ಲಿಯವರೆಗೆ ನಗುನಗುತ್ತಲೇ ಇದ್ದ ಮಾದೇವಮ್ಮನ ದನಿ ಬದಲಾಯಿತು. "ನನ್ನ ಕಳ್ಳಿ ಅಂತೀರಾ?" ಎಂದವಳೇ ನನ್ನ ಕಡೆ ತಿರುಗಿದಳು. "ಪೋಸ್ಟ್ ಮಾಷ್ಟ್ರೆ, ನೀವಾರ ಯೋಳಿ. ಇವ್ರ ಕರ್ಕಬಂದೋರು ನೀವೇ ಅಲ್ವಾ?"

ಇನ್‌ಸ್ಪೆಕ್ಟರು ಆಗಲೇ ಪುಸ್ತಕ ತೆರೆದು ಬರೆಯತೊಡಗಿದ್ದರು. ತಲೆಕೆಳಗಾದ ಅಕ್ಷರ ಓದುವುದು ಕೌಂಟರಿನಲ್ಲಿ ಕೂತವನಿಗೆ ಕಷ್ಟವಲ್ಲ. "ಮಾದರಿ ನೀಡಲು ನಿರಾಕರಿಸಿ" ಎಂಬಲ್ಲಿಗೆ ಪೆನ್ನು ಬಂದಿತ್ತು. ಇನ್ನೊಂದು ಸಾಲು ಮುಗಿದರೆ ಅವಳು ಚಾಮರಾಜನಗರದ ಕೋರ್ಟಿನ ಮೆಟ್ಟಿಲು ಹತ್ತುವವಳು.

ನಾನು ಗಂಟಲು ಸರಿಮಾಡಿಕೊಂಡು, "ಸಾರ್, ಇಡೀ ಡಬ್ಬಕ್ಕೇ ಸೀಲ್ ಹಾಕಿ ಇವತ್ತು ಇಲ್ಲೇ ಬಿಟ್ಟರೆ ಕಾಯಿದೆಗೆ ಬೇಜಾರಾಗುತ್ತದೆಯೇ?" ಎಂದೆ.

ಅವರು ಪೆನ್ನು ನಿಲ್ಲಿಸಿ, ಚೀಲದಿಂದ ಇನ್ನೊಂದು ಪುಸ್ತಕ ತೆಗೆದು, ಬೆರಳಿಟ್ಟು ಓದಿದರು. ಅವಕಾಶವಿತ್ತು. ಮುಚ್ಚಳಿಕೆ ಬರೆಸಿಕೊಂಡು ಅವಳ ವಶದಲ್ಲೇ ಬಿಡಬಹುದು, ಸಾಕ್ಷಿ ಇದ್ದರೆ. ಸಾಕ್ಷಿ ಎದುರಿಗೇ ನಿಂತಿದ್ದ.

ಅರಗು ಕಾಯಿಸುವುದು ಅವರಿಗೆ ಬರುತ್ತಿರಲಿಲ್ಲ. ನೇರ ಉರಿಗೇ ಹಿಡಿದು ಮಸಿ ಮಾಡಿದರು. ಮೂವತ್ತು ವರ್ಷ ಅಂಚೆ ಚೀಲಗಳಿಗೆ ಅರಗಿನ ಮುದ್ರೆ ಒತ್ತಿದ ನನಗೆ ಅದನ್ನು ನೋಡಲಾಗಲಿಲ್ಲ. "ಉರಿಯ ಪಕ್ಕಕ್ಕೆ ಹಿಡೀರಿ ಸಾರ್, ಒಳಗೆ ಬೇಡ," ಎಂದೆ. ಎರಡನೆಯ ಸಲ ಸರ್ಕಾರಿ ಮುದ್ರೆಯ ಸಿಂಹಗಳ ಮುಖ ಸ್ಪಷ್ಟವಾಗಿ ಮೂಡಿತು. ರಾತ್ರಿ ನಮ್ಮಲ್ಲೇ ಊಟ ಮಾಡಿ ಎಂದೆ. ಸಾಕ್ಷಿಯ ಮನೆಯಲ್ಲಿ ಉಣ್ಣಬಾರದೆಂದು ಅವರು ಬಸ್‌ಸ್ಟ್ಯಾಂಡಿನ ಲಾಡ್ಜಿಗೆ ಹೋದರು.

ಬೆಳಿಗ್ಗೆ ಏಳಕ್ಕೆ ನಾವಿಬ್ಬರೂ ಹೋಗಿ ನೋಡಿದರೆ ಡಬ್ಬ ಮಣೆಯ ಮೇಲೆ ಕೂತಿದೆ. ಅರಗಿನ ಮುದ್ರೆಯ ಮೇಲೆ ಧಾರಾಳವಾಗಿ ಕುಂಕುಮ, ಒಂದು ಕೆಂಪು ದಾಸವಾಳ.

"ಸೀಲ್ ಮುಟ್ಟಬೇಡಿ ಅಂದಿದ್ನಲ್ಲಮ್ಮ!"

"ಮುಟ್ನಿಲ್ಲ ಸಾಮಿ. ಸಿಂಹದ ಮೊಕ ಇತ್ತು. ದೀಪದ ಮುಂದ್ಗಡೆ ಬರಿದಾಗಿ ಬುಡಕಾಯ್ತದಾ? ಮೇಗ್ಲಿಂದ ಉದುರುಸ್ದಿ, ಅಷ್ಟೆ."

ನನಗೆ ನಗು ಬರಲಿಲ್ಲ. ಕುಂಕುಮದ ಕೆಳಗೆ ಕೂದಲೆಳೆಯಷ್ಟು ಬಿರುಕಿದ್ದರೂ ಪುಡಿ ಬದಲಾಯಿಸಿದಳೆಂದೇ ಆಗುತ್ತಿತ್ತು. ಇನ್‌ಸ್ಪೆಕ್ಟರು ಚಪ್ಪಲಿ ಬಿಟ್ಟು ಒಳಗೆ ಬಂದರು. ಹೂವನ್ನು ಎತ್ತಿ ಕಣ್ಣಿಗೊತ್ತಿಕೊಂಡು ಪಕ್ಕಕ್ಕಿಟ್ಟರು. ಕುಂಕುಮವನ್ನು ಒರೆಸಲಿಲ್ಲ, ಬಗ್ಗಿ ಮೆಲ್ಲಗೆ ಊದಿದರು. ಸಿಂಹಗಳು ಇದ್ದ ಹಾಗೇ ಇದ್ದವು. ಆಮೇಲೆ ಮಹಜರಿನಲ್ಲಿ ಬರೆದರು: "ಸೀಲು ಭದ್ರವಾಗಿದ್ದು, ಸೀಲಿನ ಮೇಲೆ ಒಂದು ಹೂವು ಹಾಗೂ ಕುಂಕುಮ ಕಂಡುಬಂದಿರುತ್ತದೆ." ನನ್ನ ಸೇವಾವಧಿಯಲ್ಲಿ ಇಂಥ ಷರಾ ಕಂಡಿರಲಿಲ್ಲ. ಕೆಳಗೆ ಸಹಿ ಹಾಕಿದೆ.

ಪುಡಿಯನ್ನು ಮೂರು ಪಾಲು ಮಾಡಿ ಮೂರು ಬಾಟಲಿಗಳಿಗೆ ತುಂಬಿದರು. ಮಾದೇವಮ್ಮ ಮಾತಿನಂತೆ ಎಲೆ ಅಡಿಕೆ ಇಟ್ಟಳು. ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು, ಒಂದು ಎಲೆ ಮಾತ್ರ ಜೇಬಿಗಿಟ್ಟುಕೊಂಡರು.

ನಿಜವಾದ ಕಷ್ಟ ಶುರುವಾದದ್ದು ಆಮೇಲೆ. ನಾಲ್ಕನೆಯ ದಿನ ಜಬ್ಬಾರ್ ಸಾಹೇಬರು ಉಳಿದ ಕವರುಗಳನ್ನು ಚೀಲದಲ್ಲಿ ಹೊತ್ತು ತಾವೇ ಬಸ್ಸಿನಲ್ಲಿ ಬಂದರು. "ತಪ್ಪು ತಿಳ್ಕೋಬೇಡಿ ಅಕ್ಕಾ. ನಮ್ಮನೇಲಿ ನಿಮ್ದೇ ಅರಿಶಿನ. ನಂಗೆ ರಿಪೋರ್ಟ್ ಬೇಡ, ಅಂಗ್ಡಿಗೆ ಬೇಕು," ಎಂದು ತಲೆ ತಗ್ಗಿಸಿದರು. ಹೋಗುವಾಗ ಮನೆಗೆಂದು ಎರಡು ಕವರು ವಾಪಸು ಒಯ್ದರು.

ವಾರಗಳು ಕಳೆದವು. ಮಾದೇವಮ್ಮ ಮಿಲ್ಲಿನ ಕಡೆ ಹೋಗಲಿಲ್ಲ. ರಿಪೋರ್ಟ್ ಬಂತೇ ಎಂದು ನಾನು ದಿನಾ ಬೆಳಿಗ್ಗೆ ಅಂಚೆ ಕಚೇರಿಗೆ ಹೋಗಿ ಕಾಗದ ವಿಂಗಡಿಸುವ ಮೇಜಿನ ಹತ್ತಿರ ನಿಲ್ಲುತ್ತಿದ್ದೆ. ಹೊಸ ಪೋಸ್ಟ್‌ಮಾಸ್ಟರು ಸಹಿಸಿಕೊಂಡರು. ನಾನು ಬರಿಗೈಲಿ ವಾಪಸು ಬಂದ ಒಂದು ದಿನ ಮಾದೇವಮ್ಮ ಎರಡೂ ಅಂಗೈಗಳನ್ನು ನನ್ನ ಮುಂದೆ ಚಾಚಿದಳು. ಹಳದಿ ಪೂರ್ತಿ ಹೋಗಿತ್ತು. "ನೋಡಿ ಮಾಷ್ಟ್ರೆ, ಯಾರ್ದೋ ಕೈ ಇದ್ದಂಗದ," ಎಂದಳು.

ಒಂದೂವರೆ ತಿಂಗಳಿಗೆ ಪತ್ರ ಬಂತು. ಕೃತಕ ಬಣ್ಣವಿಲ್ಲ, ಮಾದರಿ ಶುದ್ಧವಾಗಿದೆ. ಆದರೆ ಮುಂದೆ ಲೇಬಲ್ ಇಲ್ಲದೆ ಮಾರಿದರೆ ಕ್ರಮ ಜರುಗಿಸಲಾಗುವುದು. ಓದಿ ಹೇಳಿದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಲೇಬಲ್ಲಿನ ಒಕ್ಕಣೆ ಬರೆಯುವ ಭಾರ ನನಗೇ ಬಿತ್ತು. ಇಂಥ ದಿನದೊಳಗೆ ಬಳಸಬೇಕೆಂದು ಬರೆಯುವಾಗ ಮಾತ್ರ, "ಅರಿಸ್ಣಕ್ಕೂ ಸಾಯಾ ದಿನ ಬರಿಬೇಕಾ?" ಎಂದು ಜಗಳಕ್ಕೆ ನಿಂತಳು.

ಕಾಯಿದೆಯ ಮೇಲೆ ನನಗೆ ಸಿಟ್ಟಿಲ್ಲ. ಪುಡಿಗೆ ಬಣ್ಣ ಬೆರೆಸುವವರಿದ್ದಾರೆ, ಅವರನ್ನು ಹಿಡಿಯಲೇಬೇಕು. ಬೆರೆಸದವಳು ಅಷ್ಟು ದಿನ ಕೈಕಟ್ಟಿ ಕೂರಬೇಕಾಯಿತಲ್ಲ ಎಂಬುದು ಇಂದಿಗೂ ಚುಚ್ಚುತ್ತದೆ. ಮನೆ ತೋರಿಸಿದವನು ನಾನು. ಅದನ್ನು ಅವಳು ಮತ್ತೆಂದೂ ಎತ್ತಿ ಆಡಲಿಲ್ಲ.

ಲೇಬಲ್ ಅಚ್ಚಾಯಿತು. ಜಬ್ಬಾರ್ ಸಾಹೇಬರು ಮತ್ತೆ ಪುಡಿ ತರಿಸಿಕೊಳ್ಳತೊಡಗಿದರು. ಲೇಬಲ್ಲಿನ ಖರ್ಚಿಗಾಗಿ ಕವರಿನ ಬೆಲೆ ಎಂಟಾಣೆ ಏರಿತು.