ಮುನಿಗಂಗಮ್ಮನ ಮಿಡತೆ ಮಡಕೆ

ಮಿಡತೆ ಸಾಕುವವರನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಶಿಡ್ಲಘಟ್ಟದ ಸುತ್ತಮುತ್ತ ಹುಳ ಸಾಕುವುದೆಂದರೆ ರೇಷ್ಮೆ ಹುಳವೇ, ಬೇರೆ ಅರ್ಥವಿಲ್ಲ. ಆ ಹುಳ ನಮ್ಮ ಪಕ್ಕದ ಮನೆಯ ಮುನಿಗಂಗಮ್ಮನ ಹತ್ತಿರವೂ ಬಿದಿರು ತಟ್ಟೆಗಳ ತುಂಬ ಇತ್ತು. ಅದು ಸಾಲದೆಂಬಂತೆ ಅಡುಗೆಮನೆಯ ಮೂಲೆಯಲ್ಲಿ ಇನ್ನೊಂದು ಸಾಕಣೆ: ಬಾಯಿಗೆ ತೆಳು ಬಟ್ಟೆ ಕಟ್ಟಿದ ಮಡಕೆ, ಒಳಗೆ ಒದ್ದೆ ಮರಳು, ಗರಿಕೆ, ಮಿಡತೆ. ಊರವರು ನಗುತ್ತಿದ್ದರು. ನಾನೂ ನಕ್ಕೆ. ನಗು ಬರುವಂಥದ್ದಕ್ಕೆ ನಗಬೇಡವೇ?

ಮಿಡತೆ ಗೋಸುಂಬೆಗೆ. ಗೋಸುಂಬೆ ಅವಳ ಗಂಡನದು.

ಗಂಡ ರಾಮಾಂಜಿನಪ್ಪನಿಗೆ ಕ್ಷಯ ಹಿಡಿದಿತ್ತು. ಐವತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಆ ವರ್ಷ ಮುಂಗಾರಿನ ಉದ್ದಕ್ಕೂ ಆತ ಜಗಲಿಯ ಮೇಲೆ ಮಲಗಿ ಕೆಮ್ಮುತ್ತಿದ್ದ. ಎದುರಿಗೆ ಕಳ್ಳಿ ಬೇಲಿ, ಬೇಲಿಯಲ್ಲಿ ಆ ಗೋಸುಂಬೆ. ಎತ್ತಿದ ಕಾಲನ್ನು ಇಡಲೋ ಬೇಡವೋ ಎಂದು ಅದು ತೂಗಾಡುವ ಗತ್ತು ನೋಡಿ ಆತ ಅದಕ್ಕೆ ‘ದೊರೆ’ ಎಂದು ಹೆಸರಿಟ್ಟ. ಮಳೆ ಕಡಿಮೆಯಾದ ಮೇಲೆ ಹಿಡಿದು ತಂದು, ಜಗಲಿಯ ಕಂಬಕ್ಕೆ ಒಣ ಕೊಂಬೆ ಕಟ್ಟಿ ಅದರ ಮೇಲೆ ಬಿಟ್ಟ. ಹೆಂಡತಿ ಹತ್ತಿರ ಕೂರಲು ಬಂದರೆ ಒಳಗಿನಿಂದ ತಾಯಿ ಪೆದ್ದಮ್ಮನ ಕೂಗು ಬರುತ್ತಿತ್ತು.

“ಹುಳದ ಮನೆಗೆ ಹೋಗೋ ಕೈ ಕಣೇ ನಿಂದು, ಹುಳಕ್ಕೆ ರೋಗ ತಗುಲುತ್ತೆ. ದೂರ ಇರು.”

ಹಾಗಾಗಿ ಕೆಮ್ಮುವವನ ಹತ್ತಿರ ಕೂರುವುದಕ್ಕೆ ದೊರೆಯೊಂದೇ ಉಳಿಯಿತು.

ಆತನನ್ನು ಬೆಂಗಳೂರಿನ ಕ್ಷಯದ ಆಸ್ಪತ್ರೆಗೆ ಸೇರಿಸಬೇಕಾಯಿತು. ಬಸ್ಸು ಹತ್ತುವಾಗ ಹೆಂಡತಿಯ ಕಡೆ ತಿರುಗಿ ಆತ ಹೇಳಿದ್ದು ಒಂದೇ ಮಾತು: “ನಾನು ಬರೋವರ್ಗೂ ದೊರೇನ ನೋಡ್ಕೊ.”

‘ನಿನ್ನ ನೀನು ನೋಡ್ಕೊ’ ಎಂದಿದ್ದರೆ ಬಾಯಿ ಸವೆಯುತ್ತಿತ್ತೇ? ಗಂಡಸರಿಗೆ ಬೇಕಾದ ಹೊತ್ತಿಗೆ ಬೇಕಾದ ಮಾತು ಯಾವ ಕಾಲಕ್ಕೆ ಬಂದಿದೆ! ಆದರೆ ಮುನಿಗಂಗಮ್ಮ ಆ ಮಾತನ್ನೇ ಸೆರಗಿಗೆ ಗಂಟು ಹಾಕಿಕೊಂಡಳು. ಬಾವಿಯ ಹತ್ತಿರ ನನಗೆ ಹೇಳಿದಳು, “ಅದು ಇದ್ರೆ ಅವರೂ ಇರ್ತಾರೆ ಕಣಕ್ಕ. ನಂಗೆ ಹಂಗನ್ಸುತ್ತೆ.” ಅವಳಿಗೆ ಆ ಪ್ರಾಣಿಯನ್ನು ಕಂಡರೆ ಮೈ ಜುಮ್ಮೆನ್ನುತ್ತಿತ್ತು ಎಂಬುದು ನನಗೆ ಗೊತ್ತಿತ್ತು.

ಗೋಸುಂಬೆ ಸತ್ತದ್ದನ್ನು ಮುಟ್ಟುವುದಿಲ್ಲ. ಕಣ್ಣೆದುರು ಅಲುಗಾಡುವ ಜೀವವೇ ಆಗಬೇಕು. ಹೊಲ ಒಣಗುತ್ತ ಬಂದು ಮಿಡತೆ ಸಿಗುವುದು ಕಡಿಮೆಯಾದಾಗ ಅವಳು ಮಡಕೆ ಹೂಡಿದಳು. ಮಿಡತೆ ಮರಳಿನಲ್ಲಿ ಮೊಟ್ಟೆ ಇಟ್ಟವು, ಮೊಟ್ಟೆ ಒಡೆದು ಮರಿ ಬಂದವು. ಎಳೆ ರೇಷ್ಮೆ ಹುಳಕ್ಕೆ ಹೆಚ್ಚುವಂತೆಯೇ ಅವಕ್ಕೂ ಗರಿಕೆಯನ್ನು ಸಣ್ಣಗೆ ಹೆಚ್ಚಿ ಹಾಕಿದಳು. ದಿನಾ ಹಿಕ್ಕೆ ತೆಗೆದಳು, ಚಳಿಯಾದರೆ ಮಡಕೆಯನ್ನು ಒಲೆಯ ಹತ್ತಿರ ಸರಿಸಿದಳು. “ಇಷ್ಟೆಲ್ಲ ಯಾಕೆ, ತಟ್ಟೆಯಿಂದ ನಾಲ್ಕು ಹುಳ ತೆಗೆದು ಹಾಕಬಾರದಾ?” ಎಂದು ನಾನು ಕೇಳಿದ್ದಕ್ಕೆ ಕೆನ್ನೆ ಕೆನ್ನೆ ಬಡಿದುಕೊಂಡಳು. “ಬಿಡ್ತು ಅನ್ನಕ್ಕ! ಲಕ್ಷ್ಮಿ ಅದು.”

ಒಂದು ದಿನ ದೊರೆಯ ಚರ್ಮ ಕಾಗದದ ಹಾಗೆ ಏಳತೊಡಗಿತು. ಪೆದ್ದಮ್ಮ ರೋಗ ಎಂದಳು. “ಹುಳದ ಥರಾನೇ ಅತ್ತೆ, ಪೊರೆ ಬಿಡ್ತಾ ಇದೆ,” ಎಂದಳು ಸೊಸೆ. ಅವಳು ಹೇಳಿದಂತೆಯೇ ಆಯಿತು. ಅಲ್ಲಿಂದ ಅವಳಿಗೆ ಧೈರ್ಯ ಬಂತು. ದೊರೆ ಎಂದರೆ ಕಾಲು ಬಂದ ರೇಷ್ಮೆ ಹುಳ ಎಂದೇ ನಂಬಿಬಿಟ್ಟಳು.

ಕಾರ್ತಿಕದಲ್ಲಿ ದೊರೆ ತಿನ್ನುವುದನ್ನು ಬಿಟ್ಟಿತು. ಹೊಟ್ಟೆ ಊದಿಕೊಂಡು ಕೊಂಬೆಯ ಮೇಲಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ ಒಂದೇ ಸಮನೆ ಓಡಾಟ. ಹುಳ ಸಾಕುವವರಿಗೆ ಇದು ಏನೆಂದು ಹೇಳಿಕೊಡಬೇಕೇ? ಸೊಪ್ಪು ಬಿಟ್ಟು, ತಲೆ ಎತ್ತಿ, ಜಾಗ ಹುಡುಕುತ್ತ ಅಲೆಯುವ ಹುಳ ಹಣ್ಣಾಯಿತೆಂದೇ ಲೆಕ್ಕ. ಅದನ್ನು ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಬೇಕು. ಮುನಿಗಂಗಮ್ಮ ದೊರೆಯನ್ನು ಭಯಭಕ್ತಿಯಿಂದ ಎತ್ತಿ ಚಂದ್ರಿಕೆಯ ಮೇಲೆ ಬಿಟ್ಟು, ಹಿತ್ತಿಲ ಗೋಡೆಗೆ ಒರಗಿಸಿದಳು.

ನನಗೆ ನಕ್ಕೂ ನಕ್ಕೂ ಹೊಟ್ಟೆ ಹಿಡಿದುಕೊಂಡಿತು. “ಅದು ಗೂಡು ಕಟ್ಟುತ್ತೇನೇ?”

“ಕಟ್ಟುತ್ತೋ ಬಿಡುತ್ತೋ. ಜಾಗ ಹುಡುಕ್ತಾ ಇದೆ, ಕೊಡ್ಬೇಕಲ್ಲ.”

ಬೆಳಗ್ಗೆ ಚಂದ್ರಿಕೆ ಖಾಲಿ. ಅವಳು ಕೂದಲು ಕಟ್ಟದೆ ಹಿತ್ತಿಲೆಲ್ಲ ಹುಚ್ಚಿಯ ಹಾಗೆ ಓಡಾಡಿದಳು. ಕೊನೆಗೆ ಹಿಪ್ಪುನೇರಳೆ ತೋಟದ ಅಂಚಿನಲ್ಲಿ ಸಿಕ್ಕಿತು. ಬಣ್ಣಗೆಟ್ಟು, ಹೊಟ್ಟೆ ಬೆನ್ನಿಗೆ ಹತ್ತಿ, ಮುಂಗಾಲಿನಿಂದ ಮಣ್ಣನ್ನು ತಟ್ಟಿ ತಟ್ಟಿ ಮುಚ್ಚುತ್ತಿತ್ತು. ಬೆರಳಿನಿಂದ ಮೆಲ್ಲನೆ ಕೆದಕಿ ನೋಡಿದರೆ ಕೆಳಗೆ ಅವರೆಕಾಳಿನಂಥ ಬಿಳಿ ಮೊಟ್ಟೆಗಳ ರಾಶಿ. ದೊರೆ ದೊರೆಯೇ ಅಲ್ಲ, ದೊರೆಸಾನಿ!

“ಗಂಡಿಲ್ದೆ ಮೊಟ್ಟೆ ಇಡ್ತಂತೆ, ಇನ್ನೇನೇನು ನೋಡ್ಬೇಕೋ,” ಎಂದು ಪೆದ್ದಮ್ಮ ಮೂಗು ಮುರಿದಳು.

“ಹಿಡ್ಕೊಂಡು ಬಂದಾಗ್ಲೇ ಬಸುರಿ ಅತ್ತೆ, ಪಾಪ. ನಮ್ಗೆ ಗೊತ್ತಾಗ್ಲಿಲ್ಲ.”

ಆದರೆ ದೊರೆಸಾನಿ ಮತ್ತೆ ಚೇತರಿಸಿಕೊಳ್ಳಲಿಲ್ಲ. ಬಾಯಿಗೆ ಹಿಡಿದ ಮಿಡತೆಯನ್ನು ನೋಡಿ ಕಣ್ಣು ಮುಚ್ಚುತ್ತಿತ್ತು. ಕೆಲವೇ ದಿನಗಳಲ್ಲಿ ಸತ್ತುಹೋಯಿತು. ಮುನಿಗಂಗಮ್ಮ ಬಾವಿಕಟ್ಟೆಯ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಅವಳು ಅತ್ತದ್ದು ಗೋಸುಂಬೆಗಲ್ಲ ಎಂದು ನನಗೆ ಹೇಳಬೇಕಾಗಿರಲಿಲ್ಲ. ಆವತ್ತು ನನಗೆ ನಗು ಬರಲಿಲ್ಲ.

ಆ ವಾರವೇ ಗೂಡು ಕೊಳ್ಳಲು ಖಲೀಮುಲ್ಲಾ ಬಂದರು. ಶಿಡ್ಲಘಟ್ಟದಲ್ಲಿ ನೂಲು ತೆಗೆಸುತ್ತಿದ್ದವರು. ಬೆಂಗಳೂರಿಗೆ ಹೋದಾಗಲೆಲ್ಲ ಆಸ್ಪತ್ರೆಗೆ ಹೋಗಿ ರಾಮಾಂಜಿನಪ್ಪನನ್ನು ನೋಡಿ ಬರುತ್ತಿದ್ದರು.

“ನಿಮ್ಮ ಯಜಮಾನ್ರು ಕೇಳಿದ್ದು ಒಂದೇ ಮಾತಮ್ಮ. ದೊರೆ ಹೆಂಗಿದೆ ಅಂತ.”

ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. “ಚೆನ್ನಾಗಿದೆ ಅಂತ ಹೇಳಿ ಅಣ್ಣ.”

ಖಲೀಮುಲ್ಲಾ ಜಗಲಿಯ ಖಾಲಿ ಕೊಂಬೆಯನ್ನು ನೋಡಿದರು. ಆಮೇಲೆ, “ಹಂಗೇ ಹೇಳ್ತೀನಿ ತಗೊಳ್ಳಮ್ಮ. ಮುರುಗಮಲ್ಲಕ್ಕೆ ಹೋದಾಗ ದರ್ಗಾದಲ್ಲಿ ಅವ್ರಿಗೋಸ್ಕರ ಬೇಡ್ಕೊಂತೀನಿ,” ಎಂದು ಹೊರಟರು.

ಮೊಟ್ಟೆಯ ಜಾಗಕ್ಕೆ ಅವಳು ಮುಳ್ಳು ನೆಟ್ಟಳು. ತೋಟ ಅಗೆಯುವವರು ಬಂದಾಗ ಅಲ್ಲೇ ಕಾವಲು ನಿಂತಳು. ಮಿಡತೆ ಮಡಕೆಯನ್ನೂ ಬಿಡಲಿಲ್ಲ. ತಿನ್ನುವ ಬಾಯಿಲ್ಲದೆ ಮಿಡತೆ ಸಾಕುವುದೆಂದರೇನು? “ಉಣ್ಣೋರಿಲ್ಲದ ಮನೇಲಿ ದಿನಾ ಅಡುಗೆ” ಎಂದು ಪೆದ್ದಮ್ಮ ಹಂಗಿಸಿದಳು. ಇವಳು ದೊಡ್ಡ ಮಿಡತೆಯನ್ನು ಹೊಲಕ್ಕೆ ಬಿಟ್ಟು, ಮೊಟ್ಟೆಯಿದ್ದ ಮರಳನ್ನು ಒದ್ದೆ ಮಾಡಿ ಇಡುತ್ತಿದ್ದಳು. ಸಂಕ್ರಾಂತಿ ಹೋಯಿತು. ಚಿಕ್ಕಬಳ್ಳಾಪುರದ ಕಡೆಯ ಬಸ್ಸಿನ ಸದ್ದು ಕೇಳಿದರೆ ಸಾಕು, ಅವಳು ಮಡಕೆಯ ಮೇಲೆ ಬಗ್ಗಿಬಿಡುತ್ತಿದ್ದಳು. ಬಸ್ಸು ನಿಲ್ಲದೆ ಹೋದಾಗ ಮುಖ ಯಾರಿಗೂ ಕಾಣಬಾರದಲ್ಲ, ಅದಕ್ಕೆ.

ಯುಗಾದಿ ಕಳೆದ ಮೇಲೆ ಬಸ್ಸು ನಿಂತಿತು. ರಾಮಾಂಜಿನಪ್ಪ ಅರ್ಧ ಆಗಿ ಬಂದಿದ್ದ, ಆದರೆ ಕೆಮ್ಮು ಇರಲಿಲ್ಲ. ಇನ್ನೂ ಕೆಲವು ತಿಂಗಳು ಬೇರೆ ತಟ್ಟೆ, ಬೇರೆ ಹಾಸಿಗೆ ಎಂದು ಡಾಕ್ಟರು ಹೇಳಿ ಕಳಿಸಿದ್ದರಂತೆ. ಪೆದ್ದಮ್ಮ ಅದಕ್ಕೆ ಇನ್ನಷ್ಟು ಸೇರಿಸಿ, ಮಗನನ್ನು ತೋಟದ ಗುಡಿಸಲಲ್ಲಿ ಇರಿಸಿದಳು. ಸೊಸೆ ಊಟ ಒಯ್ದು ದೂರದ ಕಲ್ಲಿನ ಮೇಲಿಟ್ಟು ಹಿಂದೆ ಸರಿಯಬೇಕು. ಬೆಂಗಳೂರಿನಲ್ಲಿದ್ದಾಗ ಇವರು ಇಷ್ಟು ದೂರ ಇರಲಿಲ್ಲ ಅನ್ನಿಸುತ್ತದೆ ಎಂದಳು ಮುನಿಗಂಗಮ್ಮ ನನ್ನ ಹತ್ತಿರ.

ಮೊದಲ ದಿನವೇ ಆತ ಕೇಳಿದ. ಬೇಲಿಯ ಈಚೆ ಸೊಪ್ಪು ಕೊಯ್ಯುತ್ತಿದ್ದ ನನಗೂ ಕೇಳಿಸಿತು.

“ದೊರೆ ಎಲ್ಲಿ?”

“ಹೋಯ್ತು. ಕಾರ್ತಿಕದಲ್ಲೇ.”

“ಚೆನ್ನಾಗಿದೆ ಅಂದ್ರಲ್ಲ ಖಲೀಮುಲ್ಲಾ?”

“ನಾನೇ ಹಂಗೆ ಹೇಳ್ಸಿದ್ದು.” ಅವಳು ತೋಟದ ಅಂಚಿನತ್ತ ಕೈ ತೋರಿದಳು. “ಅದು ದೊರೆ ಅಲ್ಲ. ದೊರೆಸಾನಿ. ಮೊಟ್ಟೆ ಇಟ್ಟು ಹೋಯ್ತು. ಅಲ್ಲಿ, ಮುಳ್ಳು ನೆಟ್ಟಿದೀನಿ ನೋಡಿ.”

ಆತ ಊಟದ ತಟ್ಟೆ ಎತ್ತಿಕೊಂಡು ಹೋಗಿ ಆ ಮುಳ್ಳಿನ ಪಕ್ಕದಲ್ಲೇ ಕೂತು ಉಂಡ. ಅಂದಿನಿಂದ ದಿನಾ ಅಲ್ಲೇ.

ಮುಂಗಾರಿನ ಮೊದಲ ಮಳೆ ಬಿದ್ದ ಮಾರನೆ ಬೆಳಗ್ಗೆ ಆತ ಕೂಗಿದ. “ಗಂಗಾ! ಬಾರೇ ಇಲ್ಲಿ!”

ಮುಳ್ಳಿನ ಮೇಲೆ ಕಡ್ಡಿಯಷ್ಟೇ ಸಣ್ಣ ಮರಿಗಳು, ಒಂದೊಂದೂ ಕಾಲೆತ್ತಿ ತೂಗಾಡುತ್ತಿದ್ದವು, ಅದೇ ಗತ್ತು. ಒಂದು ಆತನ ಬೆರಳು ಹತ್ತಿತ್ತು. “ಇಷ್ಟು ಸಣ್ಣ ಬಾಯಿಗೆ ಏನು ಹಾಕೋದೇ?”

ಅವಳು ಒಳಗೆ ಓಡಿ ಮಡಕೆಯನ್ನು ಎದೆಗವಚಿಕೊಂಡು ಬಂದಳು. ಬಟ್ಟೆ ಬಿಚ್ಚಿದರೆ ಆಗಷ್ಟೇ ಮೊಟ್ಟೆಯೊಡೆದು ಬಂದ, ಸಾಸಿವೆಗಿಂತ ಚೂರು ದೊಡ್ಡ ಮಿಡತೆ ಮರಿಗಳು. ಊಟ ಇಡುವ ಕಲ್ಲನ್ನು ದಾಟಿದ್ದು ಅವಳಿಗೆ ಗೊತ್ತೇ ಆಗಲಿಲ್ಲ. ಗಂಡನ ಪಕ್ಕದಲ್ಲಿ, ಭುಜಕ್ಕೆ ಭುಜ ತಾಗಿಸಿ ಕೂತಳು. ಇಬ್ಬರೂ ಮಡಕೆಯ ಮೇಲೆ ಬಗ್ಗಿದರು.

ಅಷ್ಟರಲ್ಲಿ ಪೆದ್ದಮ್ಮ ಹಿತ್ತಿಲ ಬಾಗಿಲಿಗೆ ಬಂದಳು. “ಗಂಗಿ ಎಲ್ಲಿ ಹೋದ್ಲು?”

“ಒಲೆ ಮೇಲೆ ಸಾರು ಉಕ್ತಾ ಇದೆ ಪೆದ್ದಮ್ಮ, ಬೇಗ ನೋಡಿ ಹೋಗಿ,” ಎಂದೆ ನಾನು ಬೇಲಿಯ ಈಚೆಯಿಂದ.

ಆ ಹೊತ್ತಿಗೆ ಅವರ ಮನೆಯಲ್ಲಿ ಒಲೆಯನ್ನೇ ಹಚ್ಚಿರಲಿಲ್ಲ.